ಬ್ರೆಡ್ಡಿಗೆ ಬದಲಿ ಹುಡುಕುವುದನ್ನು ಸ್ವಲ್ಪ ದಿನ ನಿಲ್ಲಿಸಿ

ನನ್ನ ಕೆಲಸ ಕರಡು ತಿದ್ದುವುದು. ಬಿಟ್ಟುಹೋದ ಒತ್ತು, ಎರಡು ಸಲ ಕೂತ ಪದ, ಅದಲುಬದಲಾದ ಪುಟಸಂಖ್ಯೆ ಹುಡುಕುತ್ತಲೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಅಷ್ಟಾದರೂ ನನ್ನದೇ ಮೈಯೊಳಗಿನ ತಪ್ಪು ಹಿಡಿಯಲು ನಾಲ್ಕು ವರ್ಷ ಬೇಕಾಯಿತು. ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು, ಹಿಮೋಗ್ಲೋಬಿನ್ ಒಂಬತ್ತು ಬಿಟ್ಟು ಅಲ್ಲಾಡಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹೊಟ್ಟೆಯುಬ್ಬರವೂ ಇತ್ತು, ಕೂತು ಕೆಲಸ ಮಾಡುವವರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೆ. ಕೊನೆಗೊಬ್ಬರು ಡಾಕ್ಟರು, ‘ಟಿಟಿಜಿ ಅಂತ ಒಂದು ರಕ್ತಪರೀಕ್ಷೆ ಇದೆ, ಮಾಡಿಸಿಬಿಡಿ’ ಅಂದರು. ಆಮೇಲೆ ಎಂಡೊಸ್ಕೊಪಿ, ಬಯಾಪ್ಸಿ. ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಕಾಯಿಲೆ.

ಅವತ್ತು ಮನೆಗೆ ಬಂದು ಮೊದಲು ಮಾಡಿದ್ದು ಅಡುಗೆಮನೆಯ ಕಪಾಟು ತೆಗೆದು ಸುಮ್ಮನೆ ನಿಂತದ್ದು. ಆಮೇಲೆ ಅತ್ತುಬಿಟ್ಟೆ. ಆಮೇಲೆ ಸಿಕ್ಕ ಸಿಕ್ಕ ಗ್ಲುಟೆನ್‌ರಹಿತ ಬ್ರೆಡ್ಡು, ಬಿಸ್ಕತ್ತು, ಪಾಸ್ತಾ ಎಲ್ಲ ತರಿಸಿದೆ. ಅತ್ತದ್ದರಲ್ಲಿ ತಪ್ಪೇನಿಲ್ಲ. ತರಿಸಿದ್ದು ತಪ್ಪು. ನಿಮಗೆ ಈಚೆಗಷ್ಟೇ ರೋಗ ಖಚಿತವಾಗಿದ್ದರೆ ನಾನು ಹೇಳುವುದು ಒಂದೇ ಮಾತು: ಮೊದಲ ಆರು ತಿಂಗಳು ಬ್ರೆಡ್ಡಿನ ವೇಷ ಹಾಕಿಕೊಂಡು ಬಂದದ್ದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಗ್ಲುಟೆನ್ ಅಂದರೆ ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಪ್ರೋಟೀನು. ನಮ್ಮಂಥವರ ದೇಹದ ಕಾವಲು ಪಡೆ ಅದನ್ನು ಕಂಡರೆ ಸಣ್ಣ ಕರುಳಿನ ಒಳಗೋಡೆಯ ಮೇಲೆಯೇ ಕೈ ಮಾಡುತ್ತದೆ. ಆ ಗೋಡೆಯ ಮೇಲೆ ಮಖಮಲ್ಲಿನ ಎಳೆಗಳ ಹಾಗೆ ನಿಂತಿರುವ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ತಿಂದದ್ದರ ಸಾರ ಹೀರುವ ಕೆಲಸ ಅವುಗಳದ್ದು. ಅವೇ ಇಲ್ಲದ ಮೇಲೆ ಮಾತ್ರೆಯ ಕಬ್ಬಿಣ ರಕ್ತಕ್ಕೆ ಸೇರುವುದಾದರೂ ಹೇಗೆ? ಔಷಧಿಯಿಂದ ವಾಸಿಯಾಗುವ ಕಾಯಿಲೆ ಇದಲ್ಲ, ಬದುಕಿಡೀ ಗ್ಲುಟೆನ್ ಬಿಡುವುದೇ ಚಿಕಿತ್ಸೆ. ಬಿಟ್ಟರೆ ವಿಲ್ಲೈಗಳು ಮತ್ತೆ ಚಿಗುರುತ್ತವೆ, ಮಕ್ಕಳಲ್ಲಿ ಬೇಗ, ದೊಡ್ಡವರಲ್ಲಿ ಒಂದೆರಡು ವರ್ಷ ಹಿಡಿದರೂ ಹಿಡಿಯಿತು. ಅಲ್ಲಿಯವರೆಗೆ ಹಾಲು ಕುಡಿದರೆ ಹೊಟ್ಟೆ ಗುಡುಗಬಹುದು. ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಹುಟ್ಟುವುದು ಆ ವಿಲ್ಲೈಗಳ ತುದಿಯಲ್ಲೇ. ಕರುಳು ಸುಧಾರಿಸಿದ ಮೇಲೆ ಎಷ್ಟೋ ಜನಕ್ಕೆ ಹಾಲು ಮತ್ತೆ ಒಗ್ಗುತ್ತದೆ, ಹಾಗಾಗಿ ಅದನ್ನೂ ಶಾಶ್ವತವಾಗಿ ಕಳೆದುಕೊಂಡೆವು ಅಂತ ಗಾಬರಿಯಾಗುವುದು ಬೇಡ.

(ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬರೀ ಅನುಮಾನವಿದ್ದು ಪರೀಕ್ಷೆ ಇನ್ನೂ ಆಗಿಲ್ಲವಾದರೆ, ದಯವಿಟ್ಟು ಈಗಲೇ ಗೋಧಿ ಬಿಡಬೇಡಿ. ಬಿಟ್ಟ ಮೇಲೆ ಮಾಡಿದ ಪರೀಕ್ಷೆ ಸುಳ್ಳು ಸಮಾಧಾನ ಹೇಳೀತು.)

ಮೂವತ್ತೊಂದು ಸಾಲಿನ ಪಟ್ಟಿ

ತರಿಸಿದ ಬ್ರೆಡ್ಡಿನ ಮೊದಲ ಹೋಳು ಒದ್ದೆ ಮರಳು ಅಗಿದ ಹಾಗಿತ್ತು. ಎರಡನೆಯದನ್ನು ಸುಟ್ಟು ತಿಂದೆ, ಒಣ ಮರಳು. ಪ್ರತಿ ತುತ್ತಿಗೂ ನಾಲಿಗೆ ಹಳೆಯ ಬ್ರೆಡ್ಡನ್ನು ನೆನೆಸಿಕೊಂಡು ಹೋಲಿಸಿ ನೋಡುತ್ತಿತ್ತು, ಹೋಲಿಸಿದಾಗೆಲ್ಲ ಸೋಲುತ್ತಿದ್ದದ್ದು ನಾನು. ಅದರ ಮೇಲೆ ಇಂಥ ತಯಾರಿ ತಿಂಡಿಗಳಲ್ಲಿ ಬಹಳಷ್ಟರಲ್ಲಿ ಪಿಷ್ಟ, ಸಕ್ಕರೆ, ಕೊಬ್ಬು ಜಾಸ್ತಿ, ನಾರು ಕಡಿಮೆ. ರಕ್ತವೇ ಇಲ್ಲದ ಹೆಂಗಸಿಗೆ ಅದರಿಂದ ಆಗಬೇಕಾದ್ದೇನು!

ಒಂದು ಸಂಜೆ ಕೆಂಪು ಪೆನ್ನು ಹಿಡಿದು ಹಾಳೆಯ ಮೇಲೆ ಬರೆಯುತ್ತಾ ಹೋದೆ: ಗೋಧಿ ಹತ್ತಿರ ಸುಳಿಯದೆಯೂ ನಾನು ಯಾವತ್ತೂ ಆಸೆಪಟ್ಟು ತಿಂದದ್ದು ಏನೇನು? ಬಿಸಿ ಅನ್ನದ ಮೇಲೆ ಒಗ್ಗರಣೆ ಚುರುಗುಟ್ಟುವ ಬೇಳೆ. ಸಿಪ್ಪೆ ಸಮೇತ ಸುಟ್ಟು ಬೆಣ್ಣೆ, ಕಾಳುಮೆಣಸು ಉದುರಿಸಿದ ಆಲೂಗಡ್ಡೆ. ಕೆಂಡದ ಮೇಲಿನ ಮುಸುಕಿನ ಜೋಳ. ಅಂಚು ಗರಿಗರಿಯಾದ ಮೊಟ್ಟೆ. ಹುರಿದ ಕಡಲೆಕಾಯಿ. ಮೀನು. ಗಟ್ಟಿ ಮೊಸರಿಗೆ ಹಣ್ಣು. ಮೂವತ್ತೊಂದು ಸಾಲಾಯಿತು. ಅಷ್ಟೂ ಮೊದಲಿನಿಂದ ನನ್ನವೇ, ಯಾರೂ ಕಿತ್ತುಕೊಂಡಿರಲಿಲ್ಲ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮೊದಲ ತಿಂಗಳು ಅದರಿಂದಲೇ ಉಂಡೆ. ನೀವೂ ಬರೆಯಿರಿ. ನೆನಪಿಗೆ ಬರಲೆಂದು ಹೇಳುತ್ತೇನೆ: ಅಕ್ಕಿ, ಮುಸುಕಿನ ಜೋಳ, ಬಿಳಿಜೋಳ, ರಾಗಿ, ಸಜ್ಜೆ, ನವಣೆ, ಸಾಮೆ, ಕಿನೋವಾ, ರಾಜಗಿರ, ಎಲ್ಲ ಬೇಳೆಕಾಳು, ಗೆಡ್ಡೆಗೆಣಸು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸ, ಮೀನು, ಬಾದಾಮಿ, ಗೋಡಂಬಿ. ಇವುಗಳಲ್ಲಿ ಹುಟ್ಟಿನಿಂದಲೇ ಗ್ಲುಟೆನ್ ಇಲ್ಲ. ಬಕ್‌ವೀಟ್ ಹೆಸರಲ್ಲಿ ಗೋಧಿ ಇದ್ದರೂ ಅದು ಗೋಧಿಯ ಕುಲವೇ ಅಲ್ಲ, ತಿನ್ನಬಹುದು. ಅಂಟಕ್ಕಿಯ ಇಂಗ್ಲಿಷ್ ಹೆಸರು ‘ಗ್ಲುಟಿನಸ್’ ಅಂತಿರುವುದು ಬರೀ ಅಂಟಿಗೆ, ಗ್ಲುಟೆನ್ನಿಗಲ್ಲ. ಹಿಟ್ಟು ಮಾಡಿಸುವಾಗ ಮಾತ್ರ ಎಚ್ಚರ. ಗೋಧಿ ಬೀಸಿದ ಗಿರಣಿಯಲ್ಲೇ ನಿಮ್ಮ ಜೋಳ ಬೀಸಿದರೆ ಅದು ಜೋಳದ ಹಿಟ್ಟಾಗಿ ಉಳಿಯುವುದಿಲ್ಲ. ಅನ್ನವೊಂದನ್ನೇ ಮೂರು ಹೊತ್ತೂ ಉಣ್ಣುವುದೂ ಒಳ್ಳೆಯದಲ್ಲ. ಅಕ್ಕಿ ನೆಲದ ಆರ್ಸೆನಿಕ್ ಹೀರಿಕೊಳ್ಳುವ ಬೆಳೆ, ಅದಕ್ಕೇ ಧಾನ್ಯ ಬದಲಾಯಿಸುತ್ತಿರಿ.

ಈ ಕಾಯಿಲೆಗೆ ಗೋಧಿಯೇ ಕಾರಣ ಅಂತ ಗೊತ್ತಾದದ್ದೂ ಬ್ರೆಡ್ ಇಲ್ಲದ ದಿನಗಳಿಂದ. ಅದಕ್ಕೂ ಮೊದಲು, 1924ರಿಂದ, ಅಮೆರಿಕದ ಸಿಡ್ನಿ ಹಾಸ್ ಎಂಬ ಡಾಕ್ಟರು ಈ ಕಾಯಿಲೆಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳುತ್ತಿದ್ದರು. ಮಕ್ಕಳು ಚೇತರಿಸಿಕೊಳ್ಳುತ್ತಿದ್ದವು, ಬಾಳೆಹಣ್ಣಿನ ಮಹಿಮೆ ಅಂತ ಎಲ್ಲರೂ ನಂಬಿದ್ದರು. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲೇ ಗುಮಾನಿಯಿತ್ತು. 1944–45ರ ಯುದ್ಧದ ಚಳಿಗಾಲದಲ್ಲಿ ಊರಿಗೂರೇ ಹಸಿದಿದ್ದಾಗ, ಬ್ರೆಡ್ ಸಿಗದ ಈ ಮಕ್ಕಳ ಹೊಟ್ಟೆ ಸುಧಾರಿಸಿತ್ತು, ಬ್ರೆಡ್ ಮರಳಿದ ಮೇಲೆ ಕಾಯಿಲೆಯೂ ಮರಳಿತು. 1950ರಲ್ಲಿ ಅವರು ಅದನ್ನು ತಮ್ಮ ಪ್ರೌಢಪ್ರಬಂಧದಲ್ಲಿ ಇಟ್ಟರು. ಬಾಳೆಹಣ್ಣು ಪಾಪ, ಗೋಧಿಯ ಜಾಗದಲ್ಲಿ ಕೂತು ಹೆಸರು ತೆಗೆದುಕೊಂಡಿತ್ತು ಅಷ್ಟೆ.

ಬೆಣ್ಣೆ ಡಬ್ಬಿ

ಆರು ತಿಂಗಳಿಗೆ ರಕ್ತಪರೀಕ್ಷೆ. ಗ್ಲುಟೆನ್ ಕಂಡು ದೇಹ ಎಷ್ಟು ಸಿಡುಕುತ್ತಿದೆ ಅಂತ ತೋರಿಸುವ ಟಿಟಿಜಿ ಇಳಿದಿತ್ತು, ಆದರೆ ಇಳಿಯಬೇಕಾದಷ್ಟಲ್ಲ. ‘ಎಲ್ಲಿಂದಲೋ ಗ್ಲುಟೆನ್ ಹೊಟ್ಟೆಗೆ ಹೋಗ್ತಾ ಇದೆ, ಹುಡುಕಿ’ ಅಂದರು ಡಾಕ್ಟರು. ಹುಡುಕುವುದೇ ಕಸುಬಾದವಳಿಗೆ ಈ ಮಾತು ಹೇಳಿದರೆ ರೋಷ ಬರದೆ ಇರುತ್ತದೆಯೆ? ಮೂರು ದಿನ ಅಡುಗೆಮನೆಯಲ್ಲಿ ನನ್ನ ಕೈಯನ್ನು ನಾನೇ ಹಿಂಬಾಲಿಸಿದೆ. ಸಿಕ್ಕಿತು. ಬೆಳಗ್ಗೆ ನನ್ನವರು ತಮ್ಮ ಬ್ರೆಡ್ಡಿಗೆ ಬೆಣ್ಣೆ ಸವರಿ, ಅದೇ ಚಾಕುವನ್ನು ಮತ್ತೆ ಡಬ್ಬಿಗೆ ಅದ್ದುತ್ತಿದ್ದರು. ಕಿಟಕಿಯ ಬೆಳಕಿಗೆ ಹಿಡಿದರೆ ಹಳದಿ ಬೆಣ್ಣೆಯಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು, ಏಳೋ ಎಂಟೋ. ಅದೇ ಬೆಣ್ಣೆ ನನ್ನ ಆಲೂಗಡ್ಡೆಯ ಮೇಲೆ ದಿನಾ ಕರಗುತ್ತಿತ್ತು.

ಅಷ್ಟು ಚೂರಿಗೆಲ್ಲ ಏನಾಗುತ್ತದೆ ಅನ್ನಬೇಡಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟಾಗುತ್ತದೆಂದು ಪರೀಕ್ಷಿಸಿ ನೋಡಿದ್ದಾರೆ. ಒಂದು ಹೋಳು ಬ್ರೆಡ್ಡಿನಲ್ಲಿರುವುದು 2 ಗ್ರಾಂಗೂ ಹೆಚ್ಚು. ಲೆಕ್ಕ ಹಾಕಿ, ಹೋಳನ್ನು ನಲವತ್ತು ಚೂರು ಮಾಡಿದರೆ ಅದರಲ್ಲೊಂದು ಸಾಕು. ಹೊಟ್ಟೆ ನೋಯಲಿಲ್ಲ ಅನ್ನುವುದೂ ಗುರುತಲ್ಲ. ನನಗೆ ಒಂದು ದಿನವೂ ನೋಯಲಿಲ್ಲ.

ಹಾಗಾಗಿ ಮನೆಯಲ್ಲಿ ಉಳಿದವರು ಗೋಧಿ ತಿನ್ನುತ್ತಾರಾದರೆ ಕೆಲವು ವಸ್ತು ನಿಮಗೇ ಬೇರೆ ಇರಲಿ: ಬೆಣ್ಣೆ, ಜಾಮು, ಟೋಸ್ಟರು, ಮರದ ಸೌಟು, ಮಣೆ, ಲಟ್ಟಣಿಗೆ, ಹಿಟ್ಟಿನ ಜರಡಿ, ಪಾಸ್ತಾ ಬಸಿಯುವ ತೂತಿನ ಪಾತ್ರೆ. ಮರದ ಬಿರುಕು, ಜರಡಿಯ ಕಣ್ಣು ಇವನ್ನು ಎಷ್ಟು ತಿಕ್ಕಿದರೂ ನಂಬಲಾಗದು. ಸ್ಟೀಲು, ಗಾಜು, ಪಿಂಗಾಣಿ ಹಾಗಲ್ಲ, ಸೋಪು ಹಾಕಿ ಚೆನ್ನಾಗಿ ತೊಳೆದರೆ ಮುಗಿಯಿತು. ಗ್ಲುಟೆನ್ ಕ್ರಿಮಿಯಲ್ಲ. ಕುದಿಸಿದರೆ, ಹುರಿದರೆ, ಸ್ಯಾನಿಟೈಸರ್ ಹಚ್ಚಿದರೆ ಸಾಯುವುದಿಲ್ಲ, ತೊಳೆದು ತೆಗೆಯಬೇಕು. ಮನೆಯಲ್ಲಿ ಮೈದಾ ಜರಡಿ ಹಿಡಿಯುತ್ತಿದ್ದರೆ ನಾನು ಆ ಕಡೆ ಹೋಗುವುದಿಲ್ಲ, ಗಾಳಿಯಲ್ಲಿ ಎದ್ದ ಹಿಟ್ಟು ಬೇಗ ಕೂರುವುದಿಲ್ಲ. ನನ್ನ ಸಾಮಾನಿಗೆಲ್ಲ ಕೆಂಪು ಟೇಪು ಸುತ್ತಿದ್ದೇನೆ. ಕಪಾಟಿನ ಮೇಲಿನ ಅರೆ ನನ್ನದು. ಹಿಟ್ಟು ಉದುರಿದರೆ ಕೆಳಗೆ ತಾನೆ ಬೀಳುವುದು?

ಚೀಟಿಯನ್ನು ಹಿಂದಿನಿಂದ ಓದಿ

ಕರಡು ತಿದ್ದುವವರಲ್ಲಿ ಒಂದು ಹಳೆಯ ಉಪಾಯವಿದೆ, ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದುವುದು. ಅರ್ಥದ ಹಿಂದೆ ಓಡದೆ ಕಣ್ಣು ಪ್ರತಿ ಪದದ ಮೇಲೂ ನಿಲ್ಲುತ್ತದೆ. ಪ್ಯಾಕೆಟ್ಟಿನ ಮೇಲಿನ ಪದಾರ್ಥಗಳ ಪಟ್ಟಿಯನ್ನೂ ಹೀಗೇ ಓದಿ. ತೂಕ ಹೆಚ್ಚಿದ್ದದ್ದು ಮೊದಲು, ಕಡಿಮೆಯದು ಕೊನೆಗೆ ಅನ್ನುವ ಕ್ರಮದಲ್ಲಿ ಅದನ್ನು ಅಚ್ಚು ಹಾಕಿರುತ್ತಾರೆ. ನಮಗೆ ಕೆಡುಕು ಮಾಡುವುದು ಸಾಮಾನ್ಯವಾಗಿ ಬಾಲದಲ್ಲೇ ಅಡಗಿರುತ್ತದೆ.

ಅಲ್ಲಿ ಸಿಗುವ ಹೆಸರುಗಳಲ್ಲಿ ‘ಮಾಲ್ಟ್’ ದೊಡ್ಡ ಕಳ್ಳ. ಸಾಮಾನ್ಯವಾಗಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅದು. ಎಷ್ಟೋ ಕಾರ್ನ್‌ಫ್ಲೇಕ್ಸ್‌ಗಳು ಮುಸುಕಿನ ಜೋಳದವಾದರೂ ರುಚಿಗೆ ಮಾಲ್ಟ್ ಸೇರಿರುತ್ತದೆ, ಬಿಯರಿನಲ್ಲಂತೂ ಅದೇ ಜೀವಾಳ. ಮಾಮೂಲಿ ಸೋಯಾ ಸಾಸನ್ನು ಸೋಯಾ ಜೊತೆ ಗೋಧಿ ಹುದುಗಿಸಿ ಮಾಡುತ್ತಾರೆ. ಸೂಪಿನ ಪುಡಿ, ಸ್ಟಾಕ್ ಕ್ಯೂಬು, ಸಾಸೇಜು, ಮಸಾಲೆ ಮಿಶ್ರಣ, ಐಸ್‌ಕ್ರೀಮಿನ ಕೋನು ಇವೆಲ್ಲ ಓದದೆ ಬಾಯಿಗೆ ಇಡುವಂಥವಲ್ಲ. ಡಬ್ಬಿಯಲ್ಲಿ ಬರುವ ಇಂಗಿನ ಪುಡಿಗೂ ಗೋಧಿ ಹಿಟ್ಟು ಬೆರೆಸಿರುವುದುಂಟು. ರವೆ, ಮೈದಾ, ಡುರಮ್, ಸ್ಪೆಲ್ಟ್, ಬುಲ್ಗರ್, ಕುಸ್‌ಕುಸ್, ಮಾಂಸಕ್ಕೆ ಬದಲಿಯಾಗಿ ಬರುವ ಸೇಟಾನ್ ಎಲ್ಲ ಗೋಧಿಯ ಮನೆಯವೇ. ಮಾಲ್ಟೊಡೆಕ್ಸ್‌ಟ್ರಿನ್ ಮಾತ್ರ ಹೆಸರಿಗೆ ಹೆದರಿಸುತ್ತದೆ, ಮಾಲ್ಟಿಗೂ ಅದಕ್ಕೂ ಸಂಬಂಧವಿಲ್ಲ.

‘ಗೋಧಿರಹಿತ’ ಅಂತ ಬರೆದಿದ್ದರೆ ಬಾರ್ಲಿ ಇರಬಹುದು. ನಮಗೆ ಬೇಕಾದ್ದು ‘ಗ್ಲುಟೆನ್‌ರಹಿತ’. ಅಂತರರಾಷ್ಟ್ರೀಯ ಆಹಾರ ಸಂಹಿತೆ ಕೋಡೆಕ್ಸ್ ಪ್ರಕಾರ ಹಾಗೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು. ಓಟ್ಸ್ ವಿಷಯ ಪ್ರತ್ಯೇಕ. ಅದರ ಪ್ರೋಟೀನು ಬೇರೆ, ಹೆಚ್ಚಿನವರಿಗೆ ಒಗ್ಗುತ್ತದೆ, ಆದರೆ ಹೊಲದಿಂದ ಗಿರಣಿಯವರೆಗೆ ಗೋಧಿ, ಬಾರ್ಲಿಯ ಸಹವಾಸ. ಗ್ಲುಟೆನ್‌ರಹಿತ ಅಂತ ಮುದ್ರೆಯಿರುವುದನ್ನಷ್ಟೇ, ಅದೂ ಕರುಳು ಸುಧಾರಿಸಿದ ಮೇಲೆ, ಡಾಕ್ಟರನ್ನು ಕೇಳಿ ಶುರುಮಾಡಿ. ನಾನು ಒಂದು ವರ್ಷ ಕಾದೆ.

ಕುದಿಯುವ ನೀರು

ಇಷ್ಟೆಲ್ಲ ಬೇಡ ಬೇಡ ಅಂದಾಯಿತು, ಈಗ ಒಲೆಯ ಹತ್ತಿರ ಬನ್ನಿ.

ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಕಣಕ ರಬ್ಬರಿನ ಹಾಗೆ ಎಳೆದಲ್ಲಿಗೆ ಬರುತ್ತದೆ. ಆ ಎಳೆತವೇ ಗ್ಲುಟೆನ್. ಅಕ್ಕಿ ಹಿಟ್ಟಿಗೋ ಜೋಳದ ಹಿಟ್ಟಿಗೋ ಅದೇ ತಣ್ಣೀರು ಹಾಕಿ, ಲಟ್ಟಿಸಿ, ಎತ್ತಲು ಹೋದರೆ ಕೈಗೆ ಬರುವುದು ಚೂರು. ಮೊದಲ ಸಲ ನನಗೂ ಚೂರೇ ಬಂದದ್ದು. ಇಲ್ಲಿ ಅಂಟು ಹುಟ್ಟಬೇಕಾದ್ದು ಪಿಷ್ಟದಿಂದ, ಅದಕ್ಕೆ ಬಿಸಿ ಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿಷ್ಟದ ಕಣ ನೀರು ಕುಡಿದು ಉಬ್ಬಿ ಗಂಜಿಯಾಗುತ್ತದೆ, ಆ ಗಂಜಿ ಉಳಿದ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ.

ನಾನು ಮಾಡುವುದು ಹೀಗೆ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು, ಅರ್ಧ ಚಮಚ ಎಣ್ಣೆ ಹಾಕಿ ಮರಳಲು ಬಿಡುತ್ತೇನೆ. ತಳದಿಂದ ಗುಳ್ಳೆ ಎದ್ದರೆ ಸಾಲದು, ಇಡೀ ನೀರು ತಳಮಳಿಸಬೇಕು. ಉರಿ ಸಣ್ಣ ಮಾಡಿ ಅದೇ ಲೋಟದ ತುಂಬ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಮುಚ್ಚಳ ಮುಚ್ಚಿ ಎರಡು ನಿಮಿಷ. ಆಮೇಲೆ ಒಲೆ ಆರಿಸಿ ಸೌಟಿನ ಹಿಂಬದಿಯಿಂದ ಗಂಟು ಒಡೆಯುತ್ತಾ ತಿರುವಿ ಮತ್ತೆ ಮುಚ್ಚಿಡುವುದು. ಕೈ ಸುಡುತ್ತದೆ, ತಡೆದುಕೊಳ್ಳುವಷ್ಟಾದ ಕೂಡಲೆ ನಾದಬೇಕು. ಆರಲು ಬಿಟ್ಟರೆ ಕೆಟ್ಟಿತು. ಒಂದು ಬಟ್ಟಲು ತಣ್ಣೀರು ಪಕ್ಕದಲ್ಲಿಟ್ಟುಕೊಂಡು ಅಂಗೈ ಅದ್ದಿ ಅದ್ದಿ ಐದು ನಿಮಿಷ ಒತ್ತಿ ನಾದಿ. ಉಂಡೆಯನ್ನು ಬೆರಳಿಂದ ಒತ್ತಿದಾಗ ಅಂಚಿನಲ್ಲಿ ಬಿರುಕು ಬಿಟ್ಟರೆ ಇನ್ನೂ ನೀರು ಬೇಕು, ಬೆರಳಿಗೆ ಮೆತ್ತಿಕೊಂಡರೆ ಜಾಸ್ತಿಯಾಯಿತು. ಕಿವಿಯ ಹಾಲೆಯಷ್ಟು ಮೆದುವಾದರೆ ಹದ. ಒಂದು ಉಂಡೆ ಲಟ್ಟಿಸುವಾಗ ಉಳಿದವು ಒದ್ದೆ ಬಟ್ಟೆಯ ಕೆಳಗಿರಲಿ. ಕಾದ ಹೆಂಚಿನ ಮೇಲೆ ಹಾಕಿದ ರೊಟ್ಟಿ ಉಬ್ಬಿ ನಿಂತ ದಿನ ನಾನು ನನ್ನವರನ್ನು ಸ್ನಾನದ ಮನೆಯಿಂದ ಕೂಗಿ ಕರೆದಿದ್ದೆ.

ಗೋಧಿಗಿಂತ ಇವೇ ಚೆನ್ನಾಗಿ ಒದಗುವ ಜಾಗಗಳೂ ಇವೆ. ಕರಿಯುವುದಕ್ಕೆ ಮುಂಚೆ ಮೀನಿಗೋ ತರಕಾರಿಗೋ ಹೊದಿಸುವ ಹಿಟ್ಟು ಅಕ್ಕಿಯದ್ದು, ಕಾರ್ನ್‌ಫ್ಲೋರಿನದ್ದು ಆದರೆ ಹೆಚ್ಚು ಗರಿಗರಿ, ಗ್ಲುಟೆನ್ ಇಲ್ಲದ್ದರಿಂದ ನಾರುನಾರಾಗುವುದಿಲ್ಲ. ಸಾಸು, ಸೂಪು ಗಟ್ಟಿ ಮಾಡಲು ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಕುದಿಯುವಾಗ ಬಿಡಿ. ಕೇಕಿಗೆ ಬಾದಾಮಿ ಪುಡಿಗಿಂತ ಒಳ್ಳೆಯದು ಬೇರಿಲ್ಲ. ನಾಲ್ಕು ಮೊಟ್ಟೆ, 150 ಗ್ರಾಂ ಸಕ್ಕರೆ, 200 ಗ್ರಾಂ ಬಾದಾಮಿ ಪುಡಿ, ಒಂದು ನಿಂಬೆಯ ಸಿಪ್ಪೆಯ ತುರಿ. ಹಳದಿಯನ್ನು ಸಕ್ಕರೆಯೊಡನೆ, ಬಿಳಿಯನ್ನು ಬೇರೆಯಾಗಿ ನೊರೆಯೇಳುವಂತೆ ಕಡೆದು ಮೆಲ್ಲಗೆ ಬೆರೆಸಿ 170 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಇದನ್ನು ತಿಂದವರು ಯಾರೂ ‘ಪಥ್ಯದ ಕೇಕಾ?’ ಅಂತ ಕೇಳಿಲ್ಲ.

ಆರು ತಿಂಗಳು ಕಳೆಯಿತೋ, ಈಗ ಬ್ರೆಡ್ ಮಾಡಿ. ಹಳೆಯ ಬ್ರೆಡ್ಡಿನ ನೆನಪು ಅಷ್ಟರಲ್ಲಿ ಮಸುಕಾಗಿರುತ್ತದೆ, ಹೊಸದನ್ನು ಅದರ ಪಾಡಿಗೆ ತಿನ್ನಬಹುದು. ಕೀಲಿ ಇರುವುದು ಇಸಬ್ಗೋಲಿನಲ್ಲಿ, ನೀರು ಕುಡಿದು ಲೋಳೆಯಾಗಿ ಗಾಳಿ ಹಿಡಿದಿಡುವುದು ಅದೇ. ಜೋಳದ ಹಿಟ್ಟು 150 ಗ್ರಾಂ, ಅಕ್ಕಿ ಹಿಟ್ಟು 100, ಆಲೂಗಡ್ಡೆಯ ಅಥವಾ ಮರಗೆಣಸಿನ ಪಿಷ್ಟ 150, ಇಸಬ್ಗೋಲು 20, ಉಪ್ಪು 8, ಸಕ್ಕರೆ 10, ಒಣ ಯೀಸ್ಟು 7, ಎಣ್ಣೆ ಎರಡು ಚಮಚ, ಉಗುರುಬೆಚ್ಚಗಿನ ನೀರು 420 ಮಿಲಿಲೀಟರು. ಇಸಬ್ಗೋಲನ್ನು ನೀರಲ್ಲಿ ಮೊದಲೇ ಕದಡಿ ಲೋಳೆ ಮಾಡಿಕೊಂಡು ಉಳಿದದ್ದು ಸೇರಿಸಿ. ಇದಕ್ಕೆ ಒಂದೇ ಸಲ ಉಬ್ಬುವುದು, ಗುದ್ದಿ ಮತ್ತೆ ಏಳಿಸುವ ಶಾಸ್ತ್ರವಿಲ್ಲ. 220 ಡಿಗ್ರಿಯಲ್ಲಿ ಒಂದು ಗಂಟೆ, ಒಳಗಿನ ಬಿಸಿ 97 ಮುಟ್ಟುವವರೆಗೆ. ಪೂರ್ತಿ ಆರುವ ಮುಂಚೆ ಕೊಯ್ದರೆ ಒಳಗೆಲ್ಲ ಗೋಂದು. ನಾನು ಮೂರು ಸಲ ಕೊಯ್ದಿದ್ದೇನೆ, ವಾಸನೆಗೆ ತಡೆಯಲಾಗದೆ.

ಊಟಕ್ಕೆ ಕರೆದರೆ

ಹೋಟೆಲಿನಲ್ಲಿ ‘ಗ್ಲುಟೆನ್ ಇದೆಯಾ?’ ಅಂತ ಕೇಳಿದರೆ ‘ಇಲ್ಲ’ ಅಂದುಬಿಡುತ್ತಾರೆ. ಉತ್ತರ ಹೌದು, ಇಲ್ಲ ಅನ್ನಲು ಬಾರದ ಪ್ರಶ್ನೆ ಕೇಳಬೇಕು. ‘ಇದನ್ನು ಯಾವುದರಿಂದ ಗಟ್ಟಿ ಮಾಡ್ತೀರಿ? ಈ ಎಣ್ಣೆಯಲ್ಲಿ ಬೇರೇನು ಕರೀತೀರಿ?’ ಒಂದು ಕಡೆ ನಾಲ್ಕು ತಿಂಗಳು ಆಲೂಗಡ್ಡೆ ಚಿಪ್ಸ್ ತಿಂದ ಮೇಲೆ, ಅದೇ ಬಾಣಲೆಯಲ್ಲಿ ಮೈದಾ ಹಚ್ಚಿದ ಈರುಳ್ಳಿಯನ್ನೂ ಕರಿಯುತ್ತಾರೆಂದು ತಿಳಿಯಿತು. ಕೇಳದ್ದು ನನ್ನದೇ ತಪ್ಪು. ಜನ ಕಡಿಮೆಯಿರುವ ಹೊತ್ತಿಗೆ ಮೊದಲೇ ಫೋನ್ ಮಾಡಿ ಅಡುಗೆಯವರ ಹತ್ತಿರವೇ ಮಾತಾಡುವುದು ಮೇಲು.

ನೆಂಟರ ಮನೆ ಇನ್ನೂ ಕಷ್ಟ, ಅಲ್ಲಿ ಪ್ರೀತಿ ಅಡ್ಡ ಬರುತ್ತದೆ. ಅತ್ತಿಗೆ ಸೂಪಿನ ಬಟ್ಟಲು ಮುಂದಿಟ್ಟು, ‘ಮೇಲಿನ ಬ್ರೆಡ್ ಚೂರೆಲ್ಲ ತೆಗೆದುಬಿಟ್ಟಿದೀನಿ ಕಣೇ, ಆರಾಮಾಗಿ ಕುಡಿ’ ಅಂದರು. ಚಮಚದಲ್ಲಿ ಒಂದೊಂದೇ ಹೆಕ್ಕಿ ತೆಗೆದಿದ್ದರು ಪಾಪ. ‘ಅತ್ತಿಗೆ, ಸಕ್ಕರೆ ಕರಗಿದ ಮೇಲೆ ಚಮಚ ತೆಗೆದ್ರೆ ಸಿಹಿ ಹೋಗುತ್ತಾ?’ ಅಂದೆ. ಅರ್ಥವಾಯಿತು, ಮುಖ ಮಾತ್ರ ಚಿಕ್ಕದಾಯಿತು. ಈಗ ನಾನು ಹೋಗುವಾಗ ಎಲ್ಲರಿಗೂ ಸಾಕಾಗುವಷ್ಟು ಒಂದು ಪದಾರ್ಥ ಮಾಡಿಕೊಂಡು ಹೋಗುತ್ತೇನೆ, ಬೇರೆ ಯಾವುದರ ಸೌಟೂ ಅದಕ್ಕೆ ಬೀಳುವ ಮೊದಲು ನನ್ನದನ್ನು ಬಡಿಸಿಕೊಳ್ಳುತ್ತೇನೆ.

ಕಬ್ಬಿಣ, ಫೋಲೇಟ್, ಬಿ12, ವಿಟಮಿನ್ ಡಿ ಕೊರತೆಯಿದೆಯೇ, ಮೂಳೆ ಸವೆದಿದೆಯೇ ಅಂತ ಒಮ್ಮೆ ನೋಡಿಸಿಕೊಳ್ಳಿ. ನನ್ನ ಹಿಮೋಗ್ಲೋಬಿನ್ ಒಂದೂವರೆ ವರ್ಷಕ್ಕೆ 12.4 ಆಯಿತು.

ಇನ್ನೊಂದು. ಇದು ವಂಶದಲ್ಲಿ ಹರಿಯುವ ಕಾಯಿಲೆ. ಹೆತ್ತವರು, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ರಕ್ತಪರೀಕ್ಷೆ ಮಾಡಿಸಿ, ಲಕ್ಷಣ ಇರಲಿ ಬಿಡಲಿ. ‘ನಂಗೇನೂ ಇಲ್ಲ, ಕಲ್ಲು ತಿಂದ್ರೂ ಅರಗುತ್ತೆ’ ಅನ್ನುತ್ತಿದ್ದ ಅಣ್ಣನಿಗೆ ಎರಡು ವರ್ಷ ಹೇಳಿ ಹೇಳಿ ಸಾಕಾಗಿತ್ತು. ಕೊನೆಗೆ ಅತ್ತಿಗೆಯೇ ಎಳೆದುಕೊಂಡು ಹೋಗಿ ಮಾಡಿಸಿದರು. ಕಳೆದ ಭಾನುವಾರ ಅವನ ಫೋನು. ಹಿಂದೆ ಮಿಕ್ಸಿಯ ಸದ್ದು, ಅತ್ತಿಗೆ ಏನೋ ಗದರುತ್ತಿದ್ದದ್ದು.

‘ಲೇ, ನಿನ್ನ ರೊಟ್ಟಿ ಎತ್ತಿದ್ರೆ ಹರಿದೇ ಹೋಗ್ತಿದೆಯಲ್ಲೇ!’

‘ನೀರು ಎಂಥದು ಹಾಕಿದೆ ಅಣ್ಣ?’

‘ಬೆಚ್ಚಗಿತ್ತು.’

‘ಚೆಲ್ಲು. ಮರಳೋ ನೀರು ಹಾಕು.’